ಜೋಗುಳ

"ಲೇ ಕಿವುಡ ಮುಂಡೇ, ಮಗ್ಗ ಶುರು ಮಾಡೇ! ಧಣಿಗಳು ಫೋನಲ್ಲಿ ಕಾಯ್ತಿದಾರೆ!"

ಮ್ಯಾನೇಜರ್ ಎಷ್ಟೇ ಗಂಟಲು ಹರಿದುಕೊಂಡರೂ ಅವಳಿಗೆ ಕೇಳಿಸದು. ತುಟಿ ನೋಡಿದರೆ ಮಾತ್ರ ಬೈಗುಳ ಒಂದೂ ತಪ್ಪದು. ಇಪ್ಪತ್ತೆಂಟು ವರ್ಷ ಗಿರಣಿಯ ಮಗ್ಗಗಳ ಗದ್ದಲದಲ್ಲಿ ಗೆಳತಿಯರೆಲ್ಲ ತುಟಿಯಲ್ಲೇ ಸುಖದುಃಖ ಹೇಳಿಕೊಂಡವರು. ಗಿರಣಿ ಮುಚ್ಚಿದ ಮೇಲೆ ಅವರೆಲ್ಲ ದಿಕ್ಕಾಪಾಲಾದರು. ಧೂಳು ಹಿಡಿದ ನೂರಾರು ಮಗ್ಗಗಳ ನಡುವೆ ಉಳಿದವಳು ಇವಳೊಬ್ಬಳು. ಓಡುವ ಮಗ್ಗವೂ ಒಂದೇ, ಅದಕ್ಕೂ ನೂಲಿಲ್ಲ.

ಅದು ಓಡುವುದು ಸಣ್ಣ ಧಣಿಗಾಗಿ. ಅಪ್ಪ ಸತ್ತ ಮೇಲೆ ಗಿರಣಿಗೆ ಬೀಗ ಜಡಿಸಿ ದೇಶ ಬಿಟ್ಟ ಪುಣ್ಯಾತ್ಮ. ಅಲ್ಲಿ ಹೆಂಡತಿ ಬಿಟ್ಟುಹೋದಳು. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬನೇ, ನಿದ್ದೆ ಹತ್ತುವುದಿಲ್ಲವಂತೆ. ಚಿಕ್ಕಂದಿನಲ್ಲಿ ಹತ್ತಿಯ ರಾಶಿಯ ಮೇಲೆ ಮಗ್ಗದ ಸದ್ದು ಕೇಳುತ್ತ ಮಲಗಿದವನು. ದಿನವೂ ವಿಡಿಯೋ ಫೋನ್ ಮಾಡುತ್ತಾನೆ, ಇವಳು ಅದನ್ನು ಮಗ್ಗಕ್ಕೆ ಹಿಡಿಯಬೇಕು. ಫೋನಿನೊಳಗಿನ ಮುಖ ಕಣ್ಣು ಮುಚ್ಚುವಾಗ ಅವಳಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಒಬ್ಬಂಟಿತನ ಅವಳಿಗೂ ಗೊತ್ತು. ಮನೆಯಲ್ಲಿ ಎದುರು ನಿಂತು ಆಡುವ ತಾಳ್ಮೆಯಿಲ್ಲದೆ, ಬೆನ್ನ ಹಿಂದಿನಿಂದಲೇ ಕೂಗಿ ಕೂಗಿ ಸಾಕಾಗಿ ಎಲ್ಲರೂ ಅವಳೊಡನೆ ಮಾತು ಬಿಟ್ಟಿದ್ದರು. ಮೊಮ್ಮಗಳದು ಇನ್ನೂ ತೊದಲು, ಆ ತುಟಿ ಓದಲಾಗದು.

ಕೆಲಸದಿಂದಲೇ ಕಿವಿ ಹೋಯಿತೆಂದು ಗಿರಣಿಯವರು ಚೀಟಿ ಕೊಟ್ಟರೆ ಆಸ್ಪತ್ರೆಯಲ್ಲಿ ಕಿವಿಯ ಮಿಷನ್ ಸಿಗುತ್ತದೆ. ಚೀಟಿ ಕೇಳಿದಾಗಲೆಲ್ಲ ಮ್ಯಾನೇಜರ್ ಆರು ತಿಂಗಳಿಂದ ನಾಯಿ ಅಟ್ಟಿದಂತೆ ಅಟ್ಟುತ್ತಿದ್ದ.

ಗುಂಡಿ ಒತ್ತಿದಳು, ಮಗ್ಗ ಓಡಿತು. ಇವತ್ತು ಫೋನನ್ನು ತನ್ನ ಮುಖಕ್ಕೇ ಹಿಡಿದಳು.

"ಸಣ್ಣ ಧಣೀ, ಒಂದು ಚೀಟಿ ಬರೆಸ್ಕೊಡಿ! ಮೊಮ್ಮಗಳು 'ಅಜ್ಜಿ' ಅಂತಾಳಂತೆ. ಒಂದ್ಸಲ ಕೇಳ್ಬೇಕು."

"ಬಾಯ್ಮುಚ್ಚೇ ಬೇವರ್ಸಿ!" ಮ್ಯಾನೇಜರ್ ನುಗ್ಗಿ ಬಂದ.

ಧಣಿ ನಕ್ಕ. ತುಟಿ ಸ್ಪಷ್ಟವಾಗಿಯೇ ಆಡಿತು.

"ನಾನೂ ಇದೇ ಸದ್ದಲ್ಲಿ ಬೆಳೆದೋನಲ್ವೇನಮ್ಮ? ನನ್ನ ಕಿವಿ ಚೆನ್ನಾಗೇ ಇದೆ. ಇದು ಜೋಗುಳ ಕಣಮ್ಮ. ಜೋಗುಳಕ್ಕೆ ಯಾರದ್ದಾದ್ರೂ ಕಿವಿ ಹೋಗುತ್ತಾ? ಹಿಡಿ, ಮಗ್ಗಕ್ಕೆ ಹಿಡಿ."

ಅವಳ ಮೈಯೆಲ್ಲ ಉರಿದುಹೋಯಿತು. ಮಗ್ಗ ನಿಲ್ಲಿಸಿದಳು. ಅಂಗಾಲಿಗೆ ತಾಗುತ್ತಿದ್ದ ನಡುಕ ನಿಂತಿತು. ನಿಂತ ಮಗ್ಗಕ್ಕೇ ಫೋನ್ ಹಿಡಿದಳು.

"ಕೇಳಿ ಧಣಿ. ನಂಗೆ ಕೇಳ್ಸೋದು ಇದು."

ಮ್ಯಾನೇಜರ್ ಜುಟ್ಟು ಹಿಡಿದು ಎಳೆದ. ಅವಳು ಕೈ ಇಳಿಸಲಿಲ್ಲ. ಫೋನಿನೊಳಗೆ ಧಣಿ ಕಣ್ಣು ತೆರೆದು, ಬಾಯಿ ಅಗಲಿಸಿ ಏನೋ ಕೂಗುತ್ತಿದ್ದ.

ಅವಳು ಆ ತುಟಿಯಿಂದ ಮುಖ ತಿರುಗಿಸಿದಳು.