ತನ್ನ ಹೆಸರು ಬಿಟ್ಟು

ಅರವತ್ತೆರಡು ಕಂಪನಿಗಳು ಬೇಡವೆಂದ ಮೇಲೆ ಅರವತ್ತಮೂರನೆಯದು ಸಂದರ್ಶನಕ್ಕೆ ಬಾ ಎಂದಿತ್ತು. ಚೂಟಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪರದೇಶಕ್ಕೆ ಬಂದು ಹಣಕಾಸಿನಲ್ಲಿ ಡಿಗ್ರಿಯೇನೋ ಭರ್ಜರಿಯಾಗಿಯೇ ಮುಗಿಸಿದ್ದಳು. ಆದರೆ ವೀಸಾ ಮುಗಿಯಲು ಉಳಿದದ್ದು ಹತ್ತೊಂಬತ್ತೇ ದಿನ. ಅಷ್ಟರೊಳಗೆ ವೀಸಾ ಮಾಡಿಸಿಕೊಡುವಂಥ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ. ಈ ಕಂಪನಿಯಲ್ಲಿ ಅಂಥ ಕೆಲಸವಿದ್ದದ್ದು ಒಂದೇ ಒಂದು. ಕರೆಸಿಕೊಂಡದ್ದು ಆರು ಜನರನ್ನು. ಆರಕ್ಕೆ ಆರೂ ಇವಳ ಹಾಗೆ ಹೊರಗಿನಿಂದ ಬಂದು ಓದಿದವರೇ.

ಒಂಬತ್ತನೆಯ ಮಹಡಿ, ಉದ್ದನೆಯ ಮೇಜು, ಗೋಡೆಗೊಂದು ಬಿಳಿ ಬೋರ್ಡು. ಮೂಲೆಯ ಕುರ್ಚಿಯಲ್ಲಿ ಕಂಪನಿಯ ಮುಖ್ಯಸ್ಥೆ, ಕೂದಲು ಪೂರಾ ಬೆಳ್ಳಗಾಗಿರುವ ಹೆಂಗಸು, ಪೆನ್ಸಿಲು ಹಿಡಿದು ಕೂತಿದ್ದರು. ಪರೀಕ್ಷೆ ಇಷ್ಟೇ: ಒಬ್ಬೊಬ್ಬರಿಗೆ ಒಂದೊಂದು ಉದ್ಯಮವನ್ನು ವಹಿಸಿ, ಆರೂ ಉದ್ಯಮಗಳ ಕಡತವನ್ನು ಮೂರು ದಿನ ಮೊದಲೇ ಎಲ್ಲರಿಗೂ ಕಳಿಸಿದ್ದರು. ಬಂಡವಾಳ ಹಾಕಲು ದುಡ್ಡಿರುವುದು ಎರಡಕ್ಕೆ ಮಾತ್ರ. ಯಾವ ಎರಡು ಎಂದು ಆರು ಜನ ಸೇರಿ ನಲವತ್ತು ನಿಮಿಷದಲ್ಲಿ ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಕಡೇಪಕ್ಷ ನಾಲ್ಕು ಸಹಿ ಬೀಳಲಿಲ್ಲವೋ, ಎಲ್ಲರೂ ಸೀದಾ ಮನೆಗೆ.

ಸರಿ, ಶುರುವಾಯಿತು ನೋಡಿ ಜಗಳ! ಗಡ್ಡದ ಹುಡುಗನದು ಹಣ್ಣು ತರಕಾರಿ ಇಡುವ ಕೋಲ್ಡ್ ಸ್ಟೋರೇಜು, ಕೆಂಪು ಟೈಯವನದು ಬ್ರೆಡ್ ಕಾರ್ಖಾನೆ, ಕನ್ನಡಕದ ಹುಡುಗಿಯದು ಕಿವಿಯ ಯಂತ್ರ, ಇನ್ನಿಬ್ಬರದು ಬಸ್ಸು ಮತ್ತು ಬಾಡಿಗೆ ಸೈಕಲ್ಲು. ನಮ್ಮ ಚೂಟಿಯ ಪಾಲಿಗೆ ಬಂದದ್ದು ಮರದ ಆಟಿಕೆ ಕಾರ್ಖಾನೆ. ಮೂರು ದಿನದಲ್ಲಿ ಆ ಆಟಿಕೆಗಳ ಮೇಲೆ ಅವಳಿಗೆ ಹೆತ್ತ ಮಕ್ಕಳ ಮೇಲಿನಷ್ಟು ಪ್ರೀತಿ ಬಂದುಬಿಟ್ಟಿತ್ತು.

"ಬ್ರೆಡ್ ತಿನ್ನದೇ ಇರೋರು ಯಾರಿದ್ದಾರೆ ಹೇಳಿ?" ಎಂದು ಕೆಂಪು ಟೈ ಮೇಜು ಕುಟ್ಟಿದ.

"ನೀವು ಕುಟ್ಟೋ ಸದ್ದು ಕೇಳ್ಬೇಕು ಅಂದ್ರೂ ಕಿವಿ ಬೇಕಲ್ರೀ," ಎಂದಳು ಕನ್ನಡಕದವಳು.

ಚೂಟಿಯೂ ಏನು ಕಮ್ಮಿಯೇ? ಗಂಟಲು ಹರಿಯುವಂತೆ ಆಟಿಕೆಯ ಗುಣಗಾನ ಮಾಡಿದಳು. ಯಾರೂ ಸೊಪ್ಪು ಹಾಕಲಿಲ್ಲ. ಇಪ್ಪತ್ತೆಂಟು ನಿಮಿಷ ಹೋಗಿಯೇಬಿಟ್ಟಿತು. ಜಪ್ಪಯ್ಯ ಅಂದರೂ ಒಬ್ಬರೂ ಪಟ್ಟು ಬಿಡುವವರಲ್ಲ. ಮೂಲೆಯಲ್ಲಿ ಪೆನ್ಸಿಲು ಬರೆಯುವುದನ್ನು ನಿಲ್ಲಿಸಿತ್ತು. ಚೂಟಿ ಗಡಿಯಾರ ನೋಡಿದಳು.

ಈ ಥರದ ಗಲಾಟೆ ಅವಳಿಗೆ ಹೊಸದೇನಲ್ಲ. ಅವರ ಮನೆಯಲ್ಲಿ ಹನ್ನೊಂದು ಜನ, ಎಲ್ಲರ ಹೊಟ್ಟೆ ತುಂಬಿಸುವುದು ಒಂದು ಟೈಲರ್ ಅಂಗಡಿ. ವರ್ಷದ ಕೊನೆಗೆ ಏನಾದರೂ ಮಿಕ್ಕಿದರೆ ಯಾರೋ ಒಬ್ಬರ ದೊಡ್ಡ ಖರ್ಚಿಗೆ ಆಗುತ್ತಿತ್ತು. ಚಿಕ್ಕಪ್ಪನ ಹಲ್ಲೋ, ಅಣ್ಣನ ಫೀಸೋ, ಹೊಸ ಹೊಲಿಗೆ ಮೆಷಿನ್ನೋ? ಆಗ ಅಪ್ಪನ ಅಕ್ಕ, ಮನೆಯ ಯಜಮಾನಿ ದೊಡ್ಡತ್ತೆ, ಕತ್ತರಿ ಕೆಳಗಿಟ್ಟು ಒಂದೇ ಮಾತು ಹೇಳುತ್ತಿದ್ದಳು: "ಅವರವರ ಹೆಸರು ಬಿಟ್ಟು ಬೇರೆ ಯಾರಿಗೆ ಕೊಡ್ಬೇಕು ಅಂತ ಹೇಳಿ. ಯಾಕೆ ಅಂತಲೂ ಹೇಳಿ." ಅಷ್ಟೆ. ಕೂಗಾಡುತ್ತಿದ್ದ ಬಾಯಿಗಳೇ ಆಗ ಇನ್ನೊಬ್ಬರ ಪರ ಮಾತಾಡುತ್ತಿದ್ದವು.

ಚೂಟಿ ಎದ್ದವಳೇ ಬೋರ್ಡಿನ ಹತ್ತಿರ ಹೋದಳು. "ಇನ್ನು ಹನ್ನೆರಡು ನಿಮಿಷ ಇದೆ. ತಂತಮ್ಮದರ ಬಗ್ಗೆ ಯಾರೂ ಮಾತಾಡೋದು ಬೇಡ. ನಿಮ್ಮದು ಬಿಟ್ಟು ಬೇರೆ ಯಾವುದಕ್ಕೆ ಹಾಕ್ತೀರಿ? ಕಾರಣ ಸಮೇತ, ಒಬ್ಬೊಬ್ಬರಿಗೆ ಒಂದೇ ನಿಮಿಷ."

ಮೊದಲು ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು. ಆಮೇಲೆ ಗಡ್ಡದವನು ಕೆಮ್ಮಿ, "ಕಿವಿ ಯಂತ್ರ," ಎಂದ. ಕಡತದ ಹನ್ನೊಂದನೇ ಪುಟದಲ್ಲಿ ತೋರಿಸಿರುವ ಸಾಲ ಕೊಂಚ ಭಾರವೇ, ಆದರೂ ಕೊಂಡವರು ಅದನ್ನೇ ಮತ್ತೆ ಕೊಳ್ಳುತ್ತಾರೆ ಎಂದು ಅಂಕಿಅಂಶ ಸಮೇತ ಹೇಳಿದ. ಕನ್ನಡಕದವಳು ಕೋಲ್ಡ್ ಸ್ಟೋರೇಜು ಎಂದಳು. ಅಬ್ಬಬ್ಬಾ, ಅರ್ಧ ಗಂಟೆ ಕೋಳಿ ಜಗಳ ಆಡಿದವರು ಇವರೇನಾ ಎನ್ನುವ ಹಾಗೆ ಮಾತು ಓಡಿತು. ಕೊನೆಗೆ ಕೋಲ್ಡ್ ಸ್ಟೋರೇಜಿಗೆ ಮೂರು, ಕಿವಿ ಯಂತ್ರಕ್ಕೆ ಎರಡು, ಬಸ್ಸಿಗೆ ಒಂದು. ಆಟಿಕೆಗೆ? ದೊಡ್ಡ ಸೊನ್ನೆ. ಆ ಸೊನ್ನೆಯನ್ನು ಬೋರ್ಡಿನ ಮೇಲೆ ತನ್ನ ಕೈಯಾರೆ ಬರೆಯುವಾಗ ಚೂಟಿಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ. ಆದರೂ ಮೊದಲ ಸಹಿ ಅವಳೇ ಹಾಕಿದಳು. ಮುಖ ಸಿಂಡರಿಸಿಕೊಂಡು ಆರನೆಯ ಸಹಿ ಹಾಕಿದವನು ಕೆಂಪು ಟೈ.

ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಚೂಟಿಯ ಸರದಿ ಬಂದಾಗ ಮುಖ್ಯಸ್ಥೆ ತಮ್ಮ ಪ್ರಶ್ನೆಗಳ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು, "ಇರೋದು ಒಂದೇ ಕೆಲಸ. ನಿಮಗಲ್ಲದಿದ್ರೆ ಯಾರಿಗೆ ಕೊಡ್ಲಿ?"

ಅಯ್ಯೋ, ಗ್ರಹಚಾರವೇ! ಇನ್ನೊಬ್ಬರ ಹೆಸರು ಹೇಳಿದರೆ ತನ್ನ ಕಾಲಿಗೆ ತಾನೇ ಕಲ್ಲು ಹಾಕಿಕೊಂಡ ಹಾಗೆ. ಯಾರೂ ಇಲ್ಲ ಎಂದುಬಿಡಲೇ? ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಹೇಳಿದಳು: "ಗಡ್ಡದವರಿಗೆ ಮೇಡಂ. ಬೇರೆಯವರ ಕಡತವನ್ನೂ ಅಷ್ಟು ಚೆನ್ನಾಗಿ ಓದ್ಕೊಂಡು ಬಂದಿದ್ದು ಅವರೊಬ್ಬರೇ. ಹೊಗಳುವಾಗಲೂ ಸಾಲ ಮುಚ್ಚಿಡಲಿಲ್ಲ."

ಹೊರಗೆ ಬಂದು ಕೂತ ಒಂದು ಗಂಟೆ ಒಂದು ಯುಗ. ಮತ್ತೆ ಕರೆದರು.

"ಯಾರಿಗೆ ಕೊಡ್ಲಿ ಅನ್ನೋ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ," ಎಂದರು ಮುಖ್ಯಸ್ಥೆ. "ನಿಮ್ಮಿಂದ ಕದ್ದಿದ್ದು. ಆರು ಜನಕ್ಕೂ ಕೇಳಿದೆ. ನಾಲ್ಕು ಜನ ನಿಮ್ಮ ಹೆಸರು ಹೇಳಿದ್ರು."

"ಐದನೆಯವರು?"

"ಆ ಕೆಂಪು ಟೈಯವನು ತನ್ನ ಹೆಸರನ್ನೇ ಹೇಳಿದ. ಮತ್ತೆ ಕೇಳಿದೆ, ಮತ್ತೆ ತನ್ನದೇ." ಮುಖ್ಯಸ್ಥೆ ನಕ್ಕುಬಿಟ್ಟರು. "ವೀಸಾ ಕಾಗದಪತ್ರ ಇವತ್ತೇ ಶುರು ಮಾಡಿಸ್ತೀನಿ. ಸೋಮವಾರ ಬನ್ನಿ."

ಚೂಟಿ ಲಿಫ್ಟಿಗೂ ಕಾಯದೆ ಒಂಬತ್ತು ಮಹಡಿ ಇಳಿಯತೊಡಗಿದಳು. ನಗುವೂ ಅಳುವೂ ಒಟ್ಟಿಗೇ ಬರುತ್ತಿತ್ತು. ಮೆಟ್ಟಿಲ ಮೇಲಿಂದಲೇ ಫೋನ್ ಹಚ್ಚಿ ಒಂದೇ ಉಸಿರಿಗೆ ಎಲ್ಲ ಒದರಿದಳು. ಆ ಕಡೆ ಮೆಷಿನ್ನುಗಳು ನಿಂತವು. "ಸಿಕ್ತಂತೆ! ಸಿಕ್ತಂತೆ!" ಎಂದು ಹನ್ನೊಂದರಲ್ಲಿ ಉಳಿದ ಹತ್ತೂ ಬಾಯಿ ಕಿರುಚಿದವು. ಚಿಕ್ಕಪ್ಪನಂತೂ, "ಮೊದಲ್ನೇ ಸಂಬಳದಲ್ಲಿ ನನ್ನ ಇನ್ನೊಂದು ಹಲ್ಲು ಕಟ್ಟಿಸ್ಕೊಡೇ," ಎಂದು ಬುಕ್ ಮಾಡಿಯೇಬಿಟ್ಟ.

ಗದ್ದಲ ಇಳಿದ ಮೇಲೆ ದೊಡ್ಡತ್ತೆ ಫೋನ್ ಇಸಿದುಕೊಂಡಳು. "ಬಂಗಾರದಂಥ ಕೆಲಸ ಮಾಡ್ದೆ ಕಣೇ. ಆಯ್ತು, ಆ ಗಡ್ಡದ ಹುಡುಗ ಎಲ್ಲಿ?"

"ಗೊತ್ತಿಲ್ಲ ಅತ್ತೆ. ಹೋಗಿರ್ಬೇಕು."

"ನೀನು ನನ್ನಿಂದ ಕಲ್ತಿದ್ದು ಅರ್ಧ ಕಣೇ. ಹಂಚಿ ಮುಗಿದ ಮೇಲೆ, ಸಿಗದೇ ಇದ್ದವರ ಪಕ್ಕ ಹೋಗಿ ಕೂತ್ಕೋಬೇಕು. ಅದು ಕಷ್ಟದ ಅರ್ಧ."

ಗಡ್ಡದವನು ಹೋಗಿರಲಿಲ್ಲ. ಕೆಳಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಕೋಟು ಬಿಚ್ಚಿ ಮಡಿಚುತ್ತಿದ್ದ. ಚೂಟಿ ಹೋಗಿ ಪಕ್ಕದಲ್ಲಿ ಕೂತಳು.

"ಅಭಿನಂದನೆ," ಎಂದ. "ನಾನು ನಿಮ್ಮ ಹೆಸರೇ ಹೇಳ್ದೆ."

"ನಾನು ನಿಮ್ಮದು ಹೇಳ್ದೆ. ನಿಮ್ಮ ವೀಸಾ ಇನ್ನೆಷ್ಟು ದಿನ?"

"ಒಂಬತ್ತು."

ತನ್ನ ಹತ್ತೊಂಬತ್ತಕ್ಕೇ ಜಗತ್ತು ಮುಳುಗಿತೆಂದು ಕೊರಗಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ಆಮೇಲೆ ಧಡಕ್ಕನೆ ಎದ್ದಳು.

"ಇಲ್ಲೇ ಕೂತಿರಿ. ಎದ್ದು ಹೋದ್ರೆ ನೋಡಿ ಮತ್ತೆ! ಮೇಡಂ ಹತ್ರ ಹೋಗಿ, ನಿಮ್ಮ ಬಗ್ಗೆ ಒಂದು ಶಿಫಾರಸು ಪತ್ರ ಬರ್ಕೊಡಿ, ಗೊತ್ತಿರೋ ಕಂಪನಿಗಳಿಗೆಲ್ಲ ಒಂದೊಂದು ಫೋನ್ ಮಾಡಿ ಅಂತ ಕೇಳ್ಕೊಂಡು ಬರ್ತೀನಿ."

ಕೆಲಸ ಸಿಕ್ಕಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಹುಡುಗಿ ಆಗಲೇ ಹೊಸ ಯಜಮಾನಿಯ ಮುಂದೆ ಬೇಡಿಕೆ ಇಡಲು ಎರಡೆರಡು ಮೆಟ್ಟಿಲು ಹಾರುತ್ತಾ ಮೇಲಕ್ಕೆ ಓಡುತ್ತಿದ್ದಳು.