ಸುಭದ್ರಾ ಬಾಗಿಸಿದ ರಸ್ತೆ

ಸುಭದ್ರಾ ನಡೆಯುವಾಗ ನೆಲ ನೋಡುವುದಿಲ್ಲ. ರಸ್ತೆಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡ ಈ ಇಂಜಿನಿಯರು, ಪರ್ತ್ ನಗರದ ಸದರ್ನ್ ರಿವರ್ ಬಡಾವಣೆಯಲ್ಲಿ ಗದ್ದವೆತ್ತಿ, ಮರಗಳ ನೆತ್ತಿಯಲ್ಲೇ ದೃಷ್ಟಿ ನೆಟ್ಟು, ಬಿರುಸಾಗಿ ಹೆಜ್ಜೆ ಹಾಕುವುದನ್ನು ಕಂಡವರು ಮೊದಲಿಗೆ ಆಕೆಯನ್ನು ಜಂಭಗಾತಿಯೆಂದೇ ತಿಳಿಯುತ್ತಾರೆ. ಒಂದೆರಡು ಸಲ ಎಡವಿದ್ದನ್ನು ಕಂಡ ಮೇಲೆ ಅಭಿಪ್ರಾಯ ಬದಲಿಸುತ್ತಾರೆ. ಮೊಣಕೈ ಸವೆದ ಹಳದಿ ಮಳೆಯಂಗಿ ಬಿಸಿಲಲ್ಲೂ ಆಕೆಯ ಮೈಬಿಟ್ಟು ಇಳಿಯದು. ಮಾತಿಗೆ ಮೊದಲು "ಅದಿರಲಿ" ಎನ್ನುವುದು ರೂಢಿ, ಎದುರಿಗಿದ್ದವರು ಇನ್ನೂ ಬಾಯಿಯೇ ತೆರೆದಿರದಿದ್ದರೂ.

ಮೈಸೂರಿನ ಬಾಲ್ಯದಲ್ಲಿ ಆಕೆ ಮರಕುಟಿಗಗಳ ಬೆನ್ನು ಹತ್ತಿ ಅಲೆದವಳು. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಗಿಳಿ, ಮೈನಾ, ಹಾಲಕ್ಕಿಗಳು ಸಂಸಾರ ಹೂಡುವುದನ್ನು ಕಂಡವಳು. ಆಸ್ಟ್ರೇಲಿಯಾದಲ್ಲಿ ಆ ಹಕ್ಕಿಯೇ ಇಲ್ಲವೆಂದು ತಿಳಿದ ದಿನ ಊಟ ಸೇರಲಿಲ್ಲವಂತೆ. ಕೊರೆಯುವವರಿಲ್ಲದ ಆ ನಾಡಿನಲ್ಲಿ ಬೆಂಕಿ, ಗೆದ್ದಲು, ಶಿಲೀಂಧ್ರಗಳು ಶತಮಾನಕ್ಕೂ ಮೀರಿ ಸವೆಸಿದ ಮೇಲಷ್ಟೇ ಗಿಳಿಯ ಬಳಗದ ದೊಡ್ಡ ಕಪ್ಪು ಹಕ್ಕಿ ಕಾಕಟೂಗೆ ಒಂದು ಮನೆ ಸಿದ್ಧವಾಗುತ್ತದೆ.

ಕಳೆದ ವಸಂತದಲ್ಲಿ ಹೊಸ ರಸ್ತೆಯೊಂದರ ಕೆಲಸ ಆಕೆಯ ಮುಂದಾಳುತನದಲ್ಲಿತ್ತು. ಆಕೆಯೇ ಎಳೆದ ನೇರ ಗೆರೆ, ನೀಲಗಿರಿಯ ಬಂಧುವಾದ ಹಳೆಯ ಮ್ಯಾರಿ ಮರವೊಂದರ ಮೇಲೆ ಹಾದಿತ್ತು. ಸಮೀಕ್ಷೆಯವರು ಅದನ್ನು ಸತ್ತ ಮರವೆಂದು ಬರೆದಿದ್ದರು. ಸ್ಥಳಕ್ಕೆ ಹೋದವಳಿಗೆ ಪೊಟರೆಯ ಅಂಚಿನಲ್ಲಿ ಕೊಕ್ಕಿನಿಂದ ಕಡಿದ ಹಸಿ ಗುರುತು ಕಂಡಿತು. ಮರ ಕಡಿಯುವ ಆದೇಶಕ್ಕೆ ಸಹಿ ಹಾಕಲಾರೆನೆಂದು ಆಕೆ ಹೇಳಿಬಿಟ್ಟಳು.

ಮನೆಯಲ್ಲಿ ಗಂಡ ಉಮಾಪತಿ ದಿಗಿಲುಗೊಂಡ. "ಒಣಗಿರೋ ಮರ ಕಣೇ. ಅದಕ್ಕೋಸ್ಕರ ಪ್ರಾಜೆಕ್ಟ್ ಕೈಬಿಡ್ತೀಯಾ?"

"ಅದಿರಲಿ. ಮೈಸೂರಲ್ಲಾದ್ರೆ ಮರಕುಟಿಗ ಇನ್ನೊಂದು ಮರ ಕೊರೆದುಕೊಡುತ್ತೆ. ಇಲ್ಲಿ ಯಾರು ಕೊರೀತಾರ್ರೀ?"

ಕೆಲಸ ನಿಧಾನವಾಯಿತೆಂದು ಕಂಪನಿ ಮುಂದಾಳುತನವನ್ನು ಬೇರೊಬ್ಬರಿಗೆ ವಹಿಸಿತು. ಆಕೆ ವಾದಕ್ಕೆ ನಿಲ್ಲಲಿಲ್ಲ. ಮರವನ್ನು ಬಳಸಿ ಹೋಗುವ ಹೊಸ ನಕ್ಷೆಯನ್ನು ತಾನೇ ಬರೆದು ಆ ಹೊಸಬರ ಮೇಜಿನ ಮೇಲಿಟ್ಟು, ಹಕ್ಕಿತಜ್ಞರನ್ನು ಕರೆಸುವಂತೆ ಪಟ್ಟು ಹಿಡಿದಳು. ತಜ್ಞರು ಬಂದು ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಪೊಟರೆಯೊಳಗೆ ಇಳಿಬಿಟ್ಟರು. ಪರದೆಯ ಮೇಲೆ ಕಾಕಟೂ ಮರಿಯೊಂದು ಕೊಕ್ಕು ತೆರೆದು ಗದರಿಸಿತು. ಮರ ಉಳಿಯಿತು, ರಸ್ತೆ ಬಾಗಿತು. ಮುಂದಾಳುತನ ಮಾತ್ರ ಆಕೆಗೆ ಮರಳಿ ಬರಲಿಲ್ಲ.

ಈಗ ಉಮಾಪತಿ, ಮನೆಗೆ ಯಾರೇ ಬರಲಿ, ಸುತ್ತುದಾರಿಯಾದರೂ ಅಲ್ಲಿಗೇ ಕಾರು ತಿರುಗಿಸುತ್ತಾನೆ. ಅತಿಥಿಗಳಾಗಿ ಹೋಗಿದ್ದ ನಮ್ಮನ್ನೂ ಕರೆದೊಯ್ದ. "ಈ ತಿರುವು ನೋಡಿ ಅಂಕಲ್, ಇದು ನಮ್ಮ ಮನೆಯವಳದ್ದು" ಎಂದು ಕಾರಿನ ವೇಗ ತಗ್ಗಿಸಿದ. ಹಿಂದಿನ ಸೀಟಿನಲ್ಲಿದ್ದ ಸುಭದ್ರಾ ನಾಚಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ತಾವು ಮಾಡಿದ್ದನ್ನು ಕೊನೆಯವರೆಗೂ ಸಮರ್ಥಿಸುವವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ತಾವೇ ಎಳೆದ ಗೆರೆ ತಪ್ಪೆಂದು ಕಂಡೊಡನೆ, ನಷ್ಟ ತಮಗೇ ಎಂದು ತಿಳಿದೂ, ಎಲ್ಲರೆದುರು ಅದನ್ನು ತಿದ್ದುವವರು ವಿರಳ. ಹೋಗಿ ನೆಲೆಸಿದ ನಾಡು ನಮ್ಮ ಜನವನ್ನು ತನ್ನವರೆಂದು ಎಣಿಸುವುದಾದರೆ, ಅದು ಅಂಥವರ ಪುಣ್ಯದಿಂದ.