ಕೆಂಪು ದೀಪದ ತೊಟ್ಟಿ

ನೋರೀನ್ ಪ್ಯಾಸ್ಕೋ ತನ್ನ ಅಂಗಡಿಯ ಹಿಂಕೋಣೆಯಲ್ಲಿ ಕೂತು, ಮುನ್ನೂರು ಕಿಲೋಮೀಟರ್ ಆಚೆಯ ಪೆಟ್ಟಿಗೆಗಳಿಗೆ ಹೊಸ ಸಾಫ್ಟ್‌ವೇರ್ ಕಳಿಸುತ್ತಿದ್ದಳು. ಡೆಸ್ ಹ್ಯಾಲಿನನ್‌ನ ಹುಲ್ಲುಗಾವಲಿನಲ್ಲಿ ದನಗಳಿಗೆಂದು ಇಪ್ಪತ್ತಮೂರು ನೀರಿನ ತೊಟ್ಟಿಗಳು. ಒಂದೊಂದರ ಪಕ್ಕದ ಕಂಬದಲ್ಲೂ ನೀರಿನ ಮಟ್ಟ ತಿಳಿಸುವ ಪುಟ್ಟ ಪೆಟ್ಟಿಗೆ. ಕಾಳ್ಗಿಚ್ಚು ಆರಿಸುವವರು ಕೈಯಿಂದ ಕೈಗೆ ಬಕೆಟ್ ದಾಟಿಸುವಂತೆ, ಬಂದ ಸಾಫ್ಟ್‌ವೇರನ್ನು ಒಂದು ಪೆಟ್ಟಿಗೆ ಮುಂದಿನದಕ್ಕೆ ದಾಟಿಸಬೇಕು.

ಡೆಸ್ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಹೆಂಡತಿಯ ಹಾಸಿಗೆಯ ಪಕ್ಕ ಇದ್ದ. ಹುಲ್ಲುಗಾವಲಿನಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಹೇಳಿದ ಮಟ್ಟ ನೋಡಿ ಅವನು ಫೋನಿನಿಂದಲೇ ಪಂಪ್ ಓಡಿಸುತ್ತಿದ್ದ.

ಇಪ್ಪತ್ತೆರಡು ಸರಾಗವಾಗಿ ಮುಗಿದವು. ಕೊನೆಯದು ಜನವರಿಯ ಕಡುಬೇಸಿಗೆಯ ಬಿಸಿಲಿಗೆ ಕಾದು, ತಣ್ಣಗಾಗಲೆಂದು ಅರ್ಧದಲ್ಲೇ ನಿಂತುಬಿಟ್ಟಿತು. ಹಾಗೆ ನಿಂತಾಗ ಅದರ ಕೆಂಪು ದೀಪ ಮಿನುಗುತ್ತಿರುತ್ತದೆ, ಪಂಪ್ ಫೋನಿನ ಮಾತು ಕೇಳುವುದಿಲ್ಲ. ಅಲ್ಲಿ ಉಳಿದದ್ದು ಕಾಲು ತೊಟ್ಟಿ ನೀರು, ಕುಡಿಯುವ ದನಗಳು ಮುನ್ನೂರು. ನೋರೀನ್ ಊಟ ಮಾಡಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಪೆಟ್ಟಿಗೆ ಎದ್ದು ಕೆಲಸ ಮುಗಿಸಿತು. ನೀರು ಎಷ್ಟಿದೆ ಎಂದು ಕೇಳಿದರೆ, ತೊಟ್ಟಿ ತುಂಬಿದೆ ಎಂದಿತು.

ಅವಳಿಗೆ ಸಮಾಧಾನವಾಗುವ ಬದಲು ಅನುಮಾನ ಹುಟ್ಟಿತು. ಪಂಪ್ ಓಡದೆ ತೊಟ್ಟಿ ತುಂಬುವುದು ಹೇಗೆ? ತಾನು ಕಳಿಸಿದ್ದೇ ಸುಳ್ಳು ಲೆಕ್ಕ ಹೇಳುತ್ತಿದ್ದರೆ? ತೊಟ್ಟಿ ತುಂಬಿದೆ ಎಂದು ಪೆಟ್ಟಿಗೆ ಹೇಳುತ್ತಿರುವಷ್ಟು ಕಾಲ ಡೆಸ್ ಪಂಪ್ ಓಡಿಸುವುದಿಲ್ಲ. ದನಗಳು ಒಣ ತೊಟ್ಟಿ ನೆಕ್ಕುತ್ತಾ ಸಾಯುತ್ತವೆ. ಡೆಸ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು, ಹೋಗಿ ನೋಡಿ ಬರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು.

ಬೇಲಿಯಾಚೆ ಐವಿ ಟ್ರಜೆಟ್ ಒಬ್ಬಳೇ ಎಂದ ಅವನು. ಒಂದು ಹೋರಿಯ ಜಗಳದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತಂತೆ. "ನನ್ನ ಹೆಸರು ಎತ್ತಬೇಡ ಕಣಮ್ಮ, ಫೋನ್ ಇಟ್ಟುಬಿಡ್ತಾಳೆ" ಎಂದು ನಂಬರ್ ಹೇಳಿದ. ಎಲ್ಲೂ ಹುಡುಕದೆ, ಒಂದೇ ಉಸಿರಿಗೆ ಹೇಳಿದ್ದನ್ನು ನೋರೀನ್ ಗಮನಿಸಿದಳು.

ಐವಿ ಫೋನ್ ಎತ್ತಿದಳು. ಬೇಲಿ ಪಕ್ಕದ ತೊಟ್ಟಿ ನಿಜಕ್ಕೂ ತುಂಬಿದೆಯೇ ಎಂದು ನೋರೀನ್ ಕೇಳಿದ್ದೇ ತಡ, "ತುಂಬದೆ ಏನು? ನಾನೇ ತುಂಬಿಸಿದ್ದು" ಎಂದಳು. "ಬೇಲಿ ನೋಡ್ಕೊಂಡು ಹೋಗ್ತಿದ್ದೆ, ಕಂಬದಲ್ಲಿ ಕೆಂಪು ಕಾಣಿಸ್ತು. ಇಳಿದು ಕೈಯಲ್ಲೇ ಪಂಪ್ ಶುರು ಮಾಡ್ದೆ."

ಹಿಂದೆಲ್ಲ ಆ ಕಡೆಯಲ್ಲಿ ತೊಟ್ಟಿ ಬತ್ತಿದರೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಯಾರ ತೊಟ್ಟಿಯೇ ಆಗಲಿ, ಕಂಡವರು ನೀರು ಬಿಟ್ಟೇ ಮುಂದೆ ಹೋಗಬೇಕು. ಈ ಕೆಂಪಿನ ಅರ್ಥ ಬೇರೆ ಎಂದು ನೋರೀನ್ ವಿವರಿಸಹೊರಟವಳು ಸುಮ್ಮನಾಗಿ, ಉಪಕಾರವಾಯಿತು ಎಂದಷ್ಟೇ ಹೇಳಿದಳು.

"ಯಜಮಾನ ಕತ್ತೆ ಅಂತ ದನಗಳು ಬಾಯಾರಿ ಸಾಯ್ಬೇಕಾ?" ಎಂದಳು ಐವಿ. ಫೋನ್ ಇಡುವ ಮೊದಲು, "ಅವನ ಹೆಂಡತಿ ಹೇಗಿದ್ದಾಳಂತೆ?" ಎಂದು ಕೇಳಿದಳು.

ನೋರೀನ್ ಎಲ್ಲವನ್ನೂ ಡೆಸ್‌ಗೆ ಹೇಳಿದಳು, ಕತ್ತೆಯನ್ನೂ ಬಿಡದೆ.

"ಹೋಗುವಾಗ ಗೇಟ್ ಹಾಕಿದ್ಲಂತಾ?" ಎಂದ ಅವನು.

"ನೀನೇ ಕೇಳು. ನಂಬರ್ ಬಾಯಿಪಾಠ ಇದೆಯಲ್ಲ."

ಅವನು ಮೆಲ್ಲಗೆ ನಕ್ಕ. ಆಮೇಲೆ, ನೀರು ತಗ್ಗಿದಾಗಲೂ ಆ ದೀಪ ಹಾಗೇ ಮಿನುಗುವಂತೆ ಮಾಡಲಾಗುತ್ತದೆಯೇ ಎಂದು ವಿಚಾರಿಸಿದ. ಅದೇನು ದೊಡ್ಡ ಕೆಲಸವಲ್ಲ ಎಂದಳು ನೋರೀನ್. ಆರಿಹೋಗಿದ್ದ ಚಹಾವನ್ನು ಹಾಗೆಯೇ ಕುಡಿದು, ಸಾಫ್ಟ್‌ವೇರಿಗೆ ಹೊಸ ಸಾಲು ಬರೆಯಲು ಕೂತಳು.